ಚಿನ್ನದ ಗಣಿಯಲ್ಲಿ ಕಾಳು, ಜೊಳ್ಳು

ಕನ್ನಡದಲ್ಲಿ ‘ಕಣ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ರೈತನಿಗೆ ಕಣವೆಂದರೆ ಸಗಣಿ ಸಾರಿಸಿ ಹದಮಾಡಿದ ಒಕ್ಕಣೆಯ ನೆಲ. ಭೌತವಿಜ್ಞಾನಿಗೆ ಕಣವೆಂದರೆ ಎಲೆಕ್ಟ್ರಾನ್, ಪ್ರೋಟಾನ್‌ಗಳಂಥ ಕಣ್ಣಿಗೆ ಕಾಣದ ಸೂಕ್ಷ್ಮ ವಸ್ತು. ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಎರಡೂ ಕಡೆ ನಡೆಯುವ ಮುಖ್ಯ ಕೆಲಸ ಒಂದೇ: ಕಾಳನ್ನು ಜೊಳ್ಳಿನಿಂದ ಬೇರ್ಪಡಿಸುವುದು.

ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಕರೂರು ಕಡೆಯ ಊರುಗಳಲ್ಲಿ ಈಗ ಕೊಯ್ಲಿಗೂ ಒಕ್ಕಣೆಗೂ ಯಂತ್ರಗಳು ಬಂದಿವೆ. ಆದರೂ ಗಾಳಿ ನೋಡಿಕೊಂಡು ಮೊರದಿಂದ ಭತ್ತ ತೂರುತ್ತಿದ್ದುದನ್ನು ಬಲ್ಲ ಹಿರಿಯರು ಅಲ್ಲಿ ಇನ್ನೂ ಇದ್ದಾರೆ. ಹುಲ್ಲು, ಕಸ, ಧೂಳನ್ನು ತೆಗೆಯುವುದು ಸುಲಭ. ಅವು ಭತ್ತದಂತೆ ಕಾಣುವುದಿಲ್ಲ. ತೊಂದರೆ ಕೊಡುವುದು ಜೊಳ್ಳು. ಅದರ ಬಣ್ಣ, ಆಕಾರ ಎಲ್ಲ ಭತ್ತದ್ದೇ. ಒಳಗೆ ಮಾತ್ರ ಅಕ್ಕಿಯಿಲ್ಲ. ವಿಕಿರಣವನ್ನು ಪತ್ತೆಮಾಡಿ ಅಳೆಯುವ ಉಪಕರಣಗಳ ಇಡೀ ಚರಿತ್ರೆ ಹೀಗೆ ಕಾಳಿನಂತೆ ಕಾಣುವ ಜೊಳ್ಳಿನೊಡನೆ ನಡೆಸಿದ ಹೋರಾಟ. ಆ ಹೋರಾಟದ ಒಂದು ಮಹತ್ವದ ಅಧ್ಯಾಯ ನಡೆದದ್ದು ಕರ್ನಾಟಕದಲ್ಲೇ, ಕೋಲಾರದ ಚಿನ್ನದ ಗಣಿಯ ಆಳದಲ್ಲಿ.

ಸೋರುತ್ತಿದ್ದ ವಿದ್ಯುತ್ತು

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಮನುಷ್ಯನ ಐದು ಇಂದ್ರಿಯಗಳಲ್ಲಿ ಒಂದಕ್ಕೂ ಅದು ನೇರವಾಗಿ ಸಿಕ್ಕುವುದಿಲ್ಲ. ಆದರೆ ಗಾಳಿಯ ಮೂಲಕ ಹಾಯುವಾಗ ಅದು ಒಂದು ಗುರುತು ಬಿಡುತ್ತದೆ. ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುತ್ತದೆ. ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡದ ಗಾಳಿ ಆಗ ಸ್ವಲ್ಪಮಟ್ಟಿಗೆ ಹರಿಯಗೊಡುತ್ತದೆ. ವಿಕಿರಣವನ್ನು ಅಳೆಯುವ ಬಹುತೇಕ ಉಪಕರಣಗಳ ಮೂಲಸೂತ್ರ ಇಷ್ಟೇ.

ಪ್ರೌಢಶಾಲೆಯ ಪಾಠಗಳಲ್ಲಿ ಬರುವ ಚಿನ್ನದ ರೇಕಿನ ವಿದ್ಯುದ್ದರ್ಶಕ ಇಂಥ ಮೊದಲ ಉಪಕರಣಗಳಲ್ಲೊಂದು. ವಿದ್ಯುದಾವೇಶ ಕೊಟ್ಟಾಗ ಅದರ ಎರಡು ರೇಕುಗಳು ಒಂದನ್ನೊಂದು ದೂಡಿ ಅಗಲವಾಗುತ್ತವೆ. ಹತ್ತಿರದಲ್ಲಿ ವಿಕಿರಣವಿದ್ದರೆ ಆವೇಶ ಸೋರಿಹೋಗಿ ರೇಕುಗಳು ಮೆಲ್ಲಗೆ ಕೂಡಿಕೊಳ್ಳುತ್ತವೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಜ್ಞಾನಿಗಳನ್ನು ಒಂದು ಸಂಗತಿ ಕಾಡತೊಡಗಿತು. ಸುತ್ತಮುತ್ತ ಯಾವ ವಿಕಿರಣ ವಸ್ತುವೂ ಇಲ್ಲದಾಗಲೂ, ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿದಾಗಲೂ ಆವೇಶ ಸೋರುತ್ತಲೇ ಇತ್ತು. ಉಪಕರಣದ್ದೇ ದೋಷವೆಂದು ಕೆಲವರು ತಿಳಿದರು. ನೆಲದೊಳಗಿನ ಕಲ್ಲುಮಣ್ಣುಗಳಲ್ಲಿರುವ ವಿಕಿರಣ ಧಾತುಗಳು ಕಾರಣವೆಂದು ಕೆಲವರು ವಾದಿಸಿದರು.

ನೆಲವೇ ಕಾರಣವಾದರೆ ಮೇಲೇರಿದಂತೆ ಸೋರಿಕೆ ಕಡಿಮೆಯಾಗಬೇಕು. 1910ರಲ್ಲಿ ಥಿಯೋಡೋರ್ ವುಲ್ಫ್ ಎಂಬ ಪಾದ್ರಿ ತಾನು ರೂಪಿಸಿದ ಮಾಪಕವನ್ನು ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೊಂಡೊಯ್ದು ನೋಡಿದ. ಸೋರಿಕೆ ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. 1912ರ ಆಗಸ್ಟ್ 7ರಂದು ಆಸ್ಟ್ರಿಯದ ವಿಕ್ಟರ್ ಹೆಸ್ ಬಲೂನಿನಲ್ಲಿ ಕುಳಿತು 5 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿದ. ಅಲ್ಲಿ ಸೋರಿಕೆ ಇಳಿಯುವ ಬದಲು ನೆಲದ ಮೇಲಿದ್ದುದಕ್ಕಿಂತ ಬಹಳ ಹೆಚ್ಚಾಗಿತ್ತು. ವಿಕಿರಣ ಮೇಲಿನಿಂದ, ಆಕಾಶದಾಚೆಯಿಂದ ಬರುತ್ತಿತ್ತು. ಇಂದು ವಿಶ್ವಕಿರಣ ಎಂದು ಕರೆಯುವುದು ಅದನ್ನೇ. ಹೆಸ್‌ಗೆ 1936ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಉಪಕರಣದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಸೋರಿಕೆಯೇ ದೊಡ್ಡ ಶೋಧವಾಯಿತು. ಜೊಳ್ಳೆಂದುಕೊಂಡದ್ದು ಕಾಳಾಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಎರಡು ಸಾಕ್ಷಿಗಳ ನ್ಯಾಯ

ಸೋರಿಕೆಯನ್ನು ಅಳೆಯುವುದು ಬೇರೆ, ಕಣಗಳನ್ನು ಒಂದೊಂದಾಗಿ ಎಣಿಸುವುದು ಬೇರೆ. ಆ ದಾರಿಯನ್ನು 1908ರಲ್ಲಿ ತೋರಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಮತ್ತು ಹ್ಯಾನ್ಸ್ ಗೈಗರ್. 1928ರಲ್ಲಿ ಗೈಗರ್ ತನ್ನ ಶಿಷ್ಯ ಮುಲ್ಲರ್ ಜೊತೆ ಅದನ್ನು ಸುಧಾರಿಸಿದ. ಇಂದು ಎಲ್ಲರೂ ಬಲ್ಲ ಗೈಗರ್ ಕೌಂಟರ್ ಅದೇ.

ಅದರ ರಚನೆ ಸರಳ. ಒಂದು ಲೋಹದ ಕೊಳವೆ, ಅದರ ನಟ್ಟನಡುವೆ ಒಂದು ತೆಳ್ಳಗಿನ ತಂತಿ, ಒಳಗೆ ಕಡಿಮೆ ಒತ್ತಡದ ಅನಿಲ. ತಂತಿಗೂ ಕೊಳವೆಗೂ ನಡುವೆ ನೂರಾರು ವೋಲ್ಟ್ ವಿದ್ಯುತ್ತನ್ನು ಕೊಟ್ಟಿರುತ್ತಾರೆ. ಒಂದು ಕಣ ಒಳಹೊಕ್ಕು ಕೆಲವೇ ಎಲೆಕ್ಟ್ರಾನ್‌ಗಳನ್ನು ಕಿತ್ತರೆ ಸಾಕು, ಅವು ತಂತಿಯತ್ತ ಧಾವಿಸುತ್ತ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಿತ್ತು, ಕ್ಷಣಾರ್ಧದಲ್ಲಿ ದೊಡ್ಡ ಪ್ರವಾಹವೇ ಆಗುತ್ತದೆ. ಹೊರಗೆ ‘ಟಕ್’ ಎಂದು ಸದ್ದು ಕೇಳುತ್ತದೆ.

ಆದರೆ ಈ ಯಂತ್ರಕ್ಕೆ ಒಂದು ಮಿತಿಯಿದೆ. ಬಾಗಿಲು ತಟ್ಟಿದವರು ಯಾರೆಂದು ಅದು ಹೇಳಲಾರದು. ಆಕಾಶದಿಂದ ಬಂದ ಕಣವೋ, ಗೋಡೆಯ ಇಟ್ಟಿಗೆಯಿಂದ ಹೊರಟ ಕಿರಣವೋ, ಎಲ್ಲಕ್ಕೂ ಅದೇ ‘ಟಕ್’. ಇದಕ್ಕೆ ಪರಿಹಾರ ತೋರಿದವನು ಜರ್ಮನಿಯ ವಾಲ್ಟರ್ ಬೋಥೆ. ಎರಡು ಕೌಂಟರುಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಒಂದೇ ಕ್ಷಣದಲ್ಲಿ ಸದ್ದು ಮಾಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಗೋಡೆಯಿಂದ ಬಂದ ದುರ್ಬಲ ಕಿರಣ ಒಂದನ್ನು ತಟ್ಟೀತು. ಎರಡನ್ನೂ ತೂರಿಹೋಗುವುದು ಬಲವಾದ ಕಣವೇ ಇರಬೇಕು. ಹಳ್ಳಿಯ ಪಂಚಾಯ್ತಿಯಲ್ಲಿ ಒಬ್ಬನ ಮಾತನ್ನು ನಂಬದೆ ಇಬ್ಬರು ಸಾಕ್ಷಿಗಳನ್ನು ಕೇಳುವಂತೆಯೇ ಇದು. ಕೌಂಟರುಗಳನ್ನು ಸಾಲಾಗಿ ಇಟ್ಟ ದಿಕ್ಕಿನಿಂದ ಕಣ ಬಂದ ದಿಕ್ಕೂ ತಿಳಿಯುತ್ತದೆ. ಈ ವಿಧಾನಕ್ಕಾಗಿ ಬೋಥೆಗೆ 1954ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಈ ವಿದ್ಯೆ ಬೆಂಗಳೂರಿಗೂ ಬಂತು. 1939ರಲ್ಲಿ ರಜೆಗೆಂದು ಇಂಗ್ಲೆಂಡಿನಿಂದ ಬಂದಿದ್ದ ಹೋಮಿ ಭಾಭಾ ಯುದ್ಧದಿಂದಾಗಿ ಹಿಂತಿರುಗಲಾಗದೆ ಭಾರತೀಯ ವಿಜ್ಞಾನ ಮಂದಿರ ಸೇರಿದರು. ಅಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕವೊಂದು ಆರಂಭವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಅದೇ ವರ್ಷ ಅದು ಮುಂಬಯಿಗೆ ಹೋಯಿತು. ನಂಜನಗೂಡಿನಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮೈಸೂರು ವಿಶ್ವವಿದ್ಯಾಲಯದ ಓದು ಮುಗಿಸಿ, 1948ರಲ್ಲಿ ಆ ಸಂಸ್ಥೆ ಸೇರಿದರು. ಮುಂದೆ 1975ರಿಂದ 1987ರವರೆಗೆ ಅದರ ನಿರ್ದೇಶಕರೂ ಆದರು. ಆದರೆ ಅವರ ವೃತ್ತಿಜೀವನದ ಮೊದಲ ದೊಡ್ಡ ಕೆಲಸ ಅವರನ್ನು ಮತ್ತೆ ಕರ್ನಾಟಕಕ್ಕೆ, ಅದೂ ನೆಲದ ಅಡಿಗೆ ಕರೆತಂದಿತು.

ಅಂಗೈ ತೂರುವ ಮಳೆ

ದೂರದ ಆಕಾಶದಿಂದ ಬಂದ ವಿಶ್ವಕಿರಣ ವಾತಾವರಣದ ಮೇಲ್ಪದರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಹೊಸ ಕಣಗಳು ಚಿಮ್ಮುತ್ತವೆ. ಅವುಗಳಲ್ಲಿ ನೆಲದವರೆಗೂ ಬಂದು ತಲುಪುವುದರಲ್ಲಿ ಮುಖ್ಯವಾದವು ಮ್ಯೂಆನ್‌ಗಳು. ನೆಲಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಚಾಚಿದ ಅಂಗೈಯನ್ನು ನಿಮಿಷಕ್ಕೆ ನೂರರಷ್ಟು ಮ್ಯೂಆನ್‌ಗಳು ತೂರಿಹೋಗುತ್ತವೆ. ಕರೂರಿನಲ್ಲಿ ಒಂದು ಮೀಟರ್ ಉದ್ದಗಲದ ಜಾಗದಲ್ಲಿ ಭತ್ತ ಒಣಹಾಕಿದ್ದರೆ, ಅದರ ಮೂಲಕ ನಿಮಿಷಕ್ಕೆ 10,000 ಮ್ಯೂಆನ್‌ಗಳು ಹಾದು ನೆಲಕ್ಕಿಳಿಯುತ್ತವೆ. ಹಗಲು ರಾತ್ರಿ, ಮಳೆ ಬಿಸಿಲು ಎನ್ನದೆ ಈ ಮಳೆ ಸುರಿಯುತ್ತಲೇ ಇರುತ್ತದೆ.

ಇವು ಎಷ್ಟು ಆಳದವರೆಗೆ ಹೋಗುತ್ತವೆ? ಆಳದಲ್ಲಿ ಉಳಿದ ಕಣಗಳನ್ನು ಎಣಿಸಿದರೆ ಮೇಲೆ ಅವು ಹೊಂದಿದ್ದ ಶಕ್ತಿ ತಿಳಿಯುತ್ತದೆ. ಎಣಿಸಲು ಆಳವಾದ ಜಾಗ ಬೇಕು. ಬಳ್ಳಾರಿ ಜಿಲ್ಲೆಯವರಿಗೆ ಗಣಿ ಹೊಸದಲ್ಲ; ಆದರೆ ಸಂಡೂರಿನ ಕಬ್ಬಿಣದ ಅದಿರನ್ನು ತೆರೆದ ಗುಡ್ಡದಿಂದಲೇ ಅಗೆದು ತೆಗೆಯುತ್ತಾರೆ. ಕೋಲಾರದಲ್ಲಿ ಚಿನ್ನದ ಎಳೆಯನ್ನು ಹಿಂಬಾಲಿಸುತ್ತ ಕಾರ್ಮಿಕರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಚಾಂಪಿಯನ್ ರೀಫ್ ಗಣಿ ಜಗತ್ತಿನ ಅತಿ ಆಳದ ಗಣಿಗಳಲ್ಲೊಂದಾಗಿತ್ತು.

ಭಾಭಾ ಅವರ ಸೂಚನೆಯಂತೆ 1951ರಲ್ಲಿ ಶ್ರೀಕಂಠನ್ ಗೈಗರ್ ಕೌಂಟರುಗಳನ್ನು ಹೊತ್ತು ಈ ಗಣಿಗೆ ಇಳಿದರು. ಆಗ ಅವರಿಗೆ ಬೇಕಾಗಿದ್ದ ಕಾಳು ಮ್ಯೂಆನ್. ಬೇರೆ ಬೇರೆ ಆಳದಲ್ಲಿ ನಿಂತು ಎಣಿಸುತ್ತ ಹೋದಂತೆ ಮ್ಯೂಆನ್‌ಗಳ ಸಂಖ್ಯೆ ಹೇಗೆ ಇಳಿಯುತ್ತದೆ ಎಂಬ ಪಟ್ಟಿ ಬೆಳೆಯುತ್ತ ಹೋಯಿತು. ಗಣಿಯ ಕೆಲಸ ಸುಖದ್ದಲ್ಲ. ಆಳಕ್ಕಿಳಿದಂತೆ ಬಂಡೆ ಬಿಸಿಯಾಗುತ್ತದೆ; ಒತ್ತಡದಿಂದ ಬಂಡೆ ಸಿಡಿಯುವ ಭಯ ಸದಾ ಇರುತ್ತದೆ. ಕಾರ್ಮಿಕರು ದಿನನಿತ್ಯ ಎದುರಿಸುತ್ತಿದ್ದ ಈ ಸ್ಥಿತಿಯಲ್ಲೇ ವಿಜ್ಞಾನಿಗಳು ಸೂಕ್ಷ್ಮ ಉಪಕರಣಗಳನ್ನು ನಡೆಸಬೇಕಾಗಿತ್ತು.

1960ರ ದಶಕದ ಆರಂಭದಲ್ಲಿ ಇನ್ನೂ ದೊಡ್ಡ ಶೋಧಕಗಳೊಂದಿಗೆ ಇನ್ನೂ ಆಳಕ್ಕೆ ಹೋದರು. ಸುಮಾರು 2,760 ಮೀಟರ್ ಆಳದಲ್ಲಿ ಶೋಧಕವನ್ನಿಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಕೂಡ ಬರಲಿಲ್ಲ.

ಎರಡು ತಿಂಗಳು ಕಾದು ಸೊನ್ನೆ ಬಂದರೆ ಪ್ರಯೋಗ ಕೆಟ್ಟಿತೆಂದು ಸಾಮಾನ್ಯವಾಗಿ ಅನ್ನಿಸುತ್ತದೆ. ಆದರೆ ಉಪಕರಣ ಸರಿಯಾಗಿದೆ ಎಂಬ ಭರವಸೆಯಿದ್ದರೆ ಸೊನ್ನೆಯೂ ಒಂದು ಉತ್ತರ. ಮೇಲೆ ಎಡೆಬಿಡದೆ ಸುರಿಯುವ ಮ್ಯೂಆನ್ ಮಳೆಯನ್ನು ಕೋಲಾರದ ಬಂಡೆ ಪೂರ್ತಿ ತಡೆದಿತ್ತು. ಭೂಮಿಯ ಮೇಲೆ ಎಲ್ಲೂ ಸಿಗದ ಮೌನ ಅಲ್ಲಿ ಸಿಕ್ಕಿತ್ತು. ಇಷ್ಟು ಮೌನವಿದ್ದ ಕಡೆ, ಬೇರೆಲ್ಲೂ ಕೇಳಿಸದ ಪಿಸುಮಾತು ಕೇಳಿಸಬಹುದಲ್ಲವೆ?

ಪಕ್ಕದಿಂದ ಬಂದ ಅತಿಥಿ

ಆ ಪಿಸುಮಾತಿನ ಹೆಸರು ನ್ಯೂಟ್ರಿನೊ. ಇಂಥ ಕಣವೊಂದು ಇರಬೇಕೆಂದು 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಊಹಿಸಿದ್ದ. ಅದಕ್ಕೆ ವಿದ್ಯುದಾವೇಶವಿಲ್ಲ, ಇಡೀ ಭೂಮಿಯನ್ನೇ ಏನೂ ಇಲ್ಲವೆಂಬಂತೆ ತೂರಿಹೋಗಬಲ್ಲದು. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಪರಮಾಣು ರಿಯಾಕ್ಟರಿನ ಪಕ್ಕದಲ್ಲಿ ಅದನ್ನು ಪತ್ತೆಮಾಡಿದ್ದರು. ಆದರೆ ಅದು ಮನುಷ್ಯ ಕಟ್ಟಿದ ರಿಯಾಕ್ಟರಿನ ನ್ಯೂಟ್ರಿನೊ. ವಿಶ್ವಕಿರಣದಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊವನ್ನು ಯಾರೂ ಕಂಡಿರಲಿಲ್ಲ.

ಅದನ್ನು ಹಿಡಿಯಲು ಕೋಲಾರದಲ್ಲಿ ಮೂರು ಕಡೆಯವರು ಕೂಡಿದರು. ಟಾಟಾ ಸಂಸ್ಥೆಯಿಂದ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ವಿ.ಎಸ್. ನರಸಿಂಹಂ ಮೊದಲಾದವರು, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದಿಂದ ಮಿಯಾಕೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದಿಂದ ವುಲ್ಫೆಂಡೇಲ್. ಸುಮಾರು 2.3 ಕಿಲೋಮೀಟರ್ ಆಳದ ಸುರಂಗದಲ್ಲಿ ಶೋಧಕಗಳನ್ನು ಜೋಡಿಸಿದರು.

ಅವುಗಳ ವಿನ್ಯಾಸದಲ್ಲಿ ಒಂದು ಜಾಣತನವಿತ್ತು. ಆ ಆಳಕ್ಕೂ ಅಪರೂಪಕ್ಕೊಂದು ಮ್ಯೂಆನ್ ಮೇಲಿನಿಂದ ಇಳಿಯುತ್ತದೆ. ಆದರೆ ಅದು ಬಹುಮಟ್ಟಿಗೆ ನೆಟ್ಟಗೆ ಮೇಲಿನಿಂದಲೇ ಬರಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚು; ಪಕ್ಕದಿಂದಂತೂ ಬರಲು ಸಾಧ್ಯವೇ ಇಲ್ಲ. ನ್ಯೂಟ್ರಿನೊಗೆ ಬಂಡೆಯ ಲೆಕ್ಕವಿಲ್ಲ. ಯಾವ ದಿಕ್ಕಿನಿಂದಲೂ ಬಂದು, ಎಲ್ಲೋ ಒಮ್ಮೆ ಸುರಂಗದ ಪಕ್ಕದ ಬಂಡೆಯಲ್ಲಿ ಒಂದು ಪರಮಾಣುವಿಗೆ ಬಡಿದು ಮ್ಯೂಆನ್ ಒಂದನ್ನು ಹೊರಡಿಸಬಲ್ಲದು. ಆದ್ದರಿಂದ ಪಕ್ಕದಿಂದ ಬಂದ ಮ್ಯೂಆನ್ ಕಂಡರೆ ಅದು ನ್ಯೂಟ್ರಿನೊ ಕಳಿಸಿದ ಆಳೇ ಸರಿ.

ಹೀಗಾಗಿ ಶೋಧಕಗಳನ್ನು ಗೋಡೆಯಂತೆ ನಿಲ್ಲಿಸಿದರು. ಎರಡು ಪಕ್ಕದಲ್ಲೂ ಕಣ ಹಾಯ್ದಾಗ ಮಿನುಗುವ ವಿಶೇಷ ಪ್ಲಾಸ್ಟಿಕ್ಕಿನ ಫಲಕಗಳು. ಆ ಮಿನುಗನ್ನು ವಿದ್ಯುತ್ ಸಂಕೇತವಾಗಿ ಹಿಗ್ಗಿಸುವ ನಳಿಕೆಗಳು. ನಡುವೆ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳ ಸಾಲುಗಳು. ಎರಡೂ ಪಕ್ಕದ ಫಲಕಗಳು ಒಟ್ಟಿಗೆ ಮಿನುಗಿದರೆ, ಅಂದರೆ ಇಬ್ಬರು ಸಾಕ್ಷಿಗಳೂ ಒಪ್ಪಿದರೆ, ನಡುವಿನ ಕೊಳವೆಗಳಿಗೆ ಹೆಚ್ಚಿನ ವೋಲ್ಟೇಜು ಹಾಯುತ್ತದೆ. ಕಣ ಹಾದುಹೋದ ಕೊಳವೆಗಳು ಮಾತ್ರ ಕೆಂಪಗೆ ಹೊಳೆಯುತ್ತವೆ. ಕ್ಯಾಮೆರಾ ಆ ದಾರಿಯ ಚಿತ್ರ ತೆಗೆಯುತ್ತದೆ.

1965ರಲ್ಲಿ ಆ ಅತಿಥಿ ಪಕ್ಕದಿಂದ ಬಂದ. ಕೋಲಾರದ ತಂಡದ ವರದಿ ಆ ವರ್ಷದ ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ರೈನ್ಸ್ ತಂಡದ ವರದಿ ಆಗಸ್ಟ್ 30ರಂದು ಹೊರಬಂತು. ಕಣವನ್ನು ಮೊದಲು ದಾಖಲಿಸಿದ್ದು ಅವರು, ಮೊದಲು ಪ್ರಕಟಿಸಿದ್ದು ಕೋಲಾರದವರು. ವಾತಾವರಣದ ನ್ಯೂಟ್ರಿನೊವನ್ನು ಕಂಡ ಕೀರ್ತಿ ಇಬ್ಬರಿಗೂ ಸಲ್ಲುತ್ತದೆ.

1951ರಲ್ಲಿ ಕಾಳಾಗಿದ್ದ ಮ್ಯೂಆನ್ ಈಗ ತೂರಿ ತೆಗೆಯಬೇಕಾದ ಜೊಳ್ಳಾಗಿತ್ತು. ಅದನ್ನು ತೂರಿ ತೆಗೆಯಲು ಸಾಧ್ಯವಾದದ್ದು ಹದಿನಾಲ್ಕು ವರ್ಷ ಅದನ್ನೇ ತಾಳ್ಮೆಯಿಂದ ಎಣಿಸಿದ್ದರಿಂದ.

ಪ್ರೋಟಾನಿಗೆ ಸಾವಿದೆಯೆ?

ಕೋಲಾರದ ಮುಂದಿನ ಪ್ರಶ್ನೆ ಇನ್ನೂ ದೊಡ್ಡದು. ಎಲ್ಲ ವಸ್ತುಗಳ ಪರಮಾಣುಗಳಲ್ಲಿರುವ ಪ್ರೋಟಾನ್ ಚಿರಂಜೀವಿಯೆಂದು ಬಹಳ ಕಾಲ ನಂಬಲಾಗಿತ್ತು. 1970ರ ದಶಕದ ಹೊಸ ಸಿದ್ಧಾಂತಗಳು ಹಾಗಲ್ಲವೆಂದವು. ಅವುಗಳ ಪ್ರಕಾರ ಪ್ರೋಟಾನಿನ ಸರಾಸರಿ ಆಯುಸ್ಸು ಒಂದರ ಮುಂದೆ 31 ಸೊನ್ನೆ ಹಾಕಿದಷ್ಟು ವರ್ಷಗಳ ಆಸುಪಾಸು. ವಿಶ್ವದ ಈವರೆಗಿನ ವಯಸ್ಸು ಸುಮಾರು 1,380 ಕೋಟಿ ವರ್ಷ. ಹಾಗಿರುವಾಗ ಒಂದು ಪ್ರೋಟಾನ್ ಸಾಯುವುದನ್ನು ಯಾರು ಕಾದು ನೋಡಿಯಾರು?

ಒಂದನ್ನು ಅಷ್ಟು ಕಾಲ ನೋಡಲಾಗದು. ಆದರೆ ಅಷ್ಟು ಪ್ರೋಟಾನ್‌ಗಳನ್ನು ಒಂದು ವರ್ಷ ನೋಡಬಹುದು. 140 ಟನ್ ಕಬ್ಬಿಣದಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ ಎಂಟರ ಮುಂದೆ 31 ಸೊನ್ನೆ ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು. ಸಿದ್ಧಾಂತ ನಿಜವಾದರೆ ಅವುಗಳಲ್ಲಿ ವರ್ಷಕ್ಕೆ ಎಂಟರಷ್ಟು ಸಾಯಬೇಕು. ಪಿಯುಸಿ ವಿದ್ಯಾರ್ಥಿಗಳು ಅವೊಗಾಡ್ರೊ ಸಂಖ್ಯೆಯಿಂದ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು: 140 ಟನ್ನನ್ನು ಗ್ರಾಮಿಗೆ ತಂದು ಆ ಸಂಖ್ಯೆಯಿಂದ ಗುಣಿಸಿದರಾಯಿತು.

1980ರ ಕೊನೆಗೆ ಕೋಲಾರದ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲೇ, ಅಂಥ 140 ಟನ್ನಿನ ಶೋಧಕ ಕೆಲಸ ಆರಂಭಿಸಿತು. ಚೌಕಾಕಾರದ ಸುಮಾರು 1,600 ಕಬ್ಬಿಣದ ಕೊಳವೆಗಳನ್ನು ಪದರ ಪದರವಾಗಿ ಅಡ್ಡಡ್ಡ ಜೋಡಿಸಿ, ಒಳಗೆ ಅನಿಲ ತುಂಬಿ, ಪ್ರತಿಯೊಂದರ ನಡುವೆ ಒಂದೊಂದು ತಂತಿ ಎಳೆದಿದ್ದರು. ನೋಡಬೇಕಾದ ವಸ್ತುವೂ ಕಬ್ಬಿಣ, ನೋಡುವ ಕಣ್ಣೂ ಅದೇ ಕಬ್ಬಿಣದ ಕೊಳವೆ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಆ ಶೋಧಕದ ಮೂಲಕ ಮ್ಯೂಆನ್‌ಗಳು ಹಾದುದು ದಿನಕ್ಕೆ ಎರಡರಷ್ಟು. ಅದೇ ಶೋಧಕವನ್ನು ನೆಲದ ಮೇಲಿಟ್ಟಿದ್ದರೆ ನಿಮಿಷಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ ಮ್ಯೂಆನ್‌ಗಳು ಹಾಯುತ್ತಿದ್ದವು.

ಕೆಲವು ತಿಂಗಳುಗಳಲ್ಲಿ ಪ್ರೋಟಾನಿನ ಸಾವನ್ನು ಹೋಲುವ ಘಟನೆಗಳು ಕಾಣಿಸಿಕೊಂಡವು. ತಂಡ ಅವನ್ನು ಸಂಭವನೀಯ ಘಟನೆಗಳೆಂದು ಜಗತ್ತಿನ ಮುಂದಿಟ್ಟಿತು. ಭೌತವಿಜ್ಞಾನದ ಲೋಕ ಕೋಲಾರದತ್ತ ತಿರುಗಿ ನೋಡಿತು. ನಿಜವಾಗಿದ್ದರೆ ಅದು ಶತಮಾನದ ದೊಡ್ಡ ಶೋಧಗಳಲ್ಲೊಂದಾಗುತ್ತಿತ್ತು.

ಆದರೆ ಇಲ್ಲೊಂದು ಜೊಳ್ಳಿತ್ತು. ಅದು ಬೇರೆ ಯಾವುದೂ ಅಲ್ಲ, 1965ರಲ್ಲಿ ಇದೇ ಗಣಿಯಲ್ಲಿ ಕಾಳಾಗಿ ಸಿಕ್ಕಿದ್ದ ನ್ಯೂಟ್ರಿನೊ. ಶೋಧಕದ ಒಳಗೇ ಒಂದು ನ್ಯೂಟ್ರಿನೊ ಪರಮಾಣುವಿಗೆ ಬಡಿದರೆ, ಅಲ್ಲಿ ಏಳುವ ಗುರುತು ಪ್ರೋಟಾನಿನ ಸಾವಿನಂತೆಯೇ ಕಾಣಬಹುದು. ಎಷ್ಟು ಆಳಕ್ಕೆ ಹೋದರೂ ನ್ಯೂಟ್ರಿನೊವನ್ನು ತಡೆಯುವ ಬಂಡೆಯಿಲ್ಲ. ಉಳಿದದ್ದು ಒಂದೇ ದಾರಿ: ಇನ್ನೂ ದೊಡ್ಡ ಶೋಧಕ ಕಟ್ಟಿ, ಇನ್ನೂ ಹೆಚ್ಚು ಎಣಿಸುವುದು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲೂ ಜಪಾನಿನ ಕಾಮಿಯೋಕಾ ಗಣಿಯಲ್ಲೂ ಸಾವಿರಾರು ಟನ್ ಶುದ್ಧ ನೀರಿನ ತೊಟ್ಟಿಗಳನ್ನು ಕಟ್ಟಿ ನೋಡಿದರು. ಪ್ರೋಟಾನಿನ ಸಾವು ಅಲ್ಲಿ ಕಾಣಲಿಲ್ಲ. ಇಂದಿನ ಲೆಕ್ಕದಂತೆ, ಮುಖ್ಯವಾಗಿ ನಿರೀಕ್ಷಿಸಿದ ವಿಧದ ಸಾವಿಗೆ, ಪ್ರೋಟಾನಿನ ಆಯುಸ್ಸು ಒಂದರ ಮುಂದೆ 34 ಸೊನ್ನೆ ಹಾಕಿದ್ದಕ್ಕಿಂತಲೂ ಹೆಚ್ಚು. ಕೋಲಾರದ ಸಂಭವನೀಯ ಘಟನೆಗಳಿಗೆ ಸಮರ್ಥನೆ ದೊರೆಯಲಿಲ್ಲ.

ಇದನ್ನು ಸೋಲೆನ್ನುವವರುಂಟು. ಆದರೆ ಒಂದು ಉಪಕರಣ ಕಂಡದ್ದನ್ನು ಇನ್ನೊಂದು ಉಪಕರಣ, ಇನ್ನೊಂದು ದೇಶದಲ್ಲಿ, ಇನ್ನೊಂದು ವಿಧಾನದಿಂದ ಪರೀಕ್ಷಿಸುವುದೇ ವಿಜ್ಞಾನದ ಕ್ರಮ. ಬೋಥೆಯ ಎರಡು ಸಾಕ್ಷಿಗಳ ನ್ಯಾಯ ಇಲ್ಲಿ ಎರಡು ಪ್ರಯೋಗಶಾಲೆಗಳ ನಡುವೆ ನಡೆಯಿತು ಅಷ್ಟೆ.

ಜೊಳ್ಳಿಗೆ ಬಂದ ನೊಬೆಲ್

ಪ್ರೋಟಾನಿನ ಸಾವು ನೋಡಲು ಕಟ್ಟಿದ ಕಾಮಿಯೋಕಾದ ತೊಟ್ಟಿಗೆ ಅದು ಕಾಣಲಿಲ್ಲ ನಿಜ. ಆದರೆ 1987ರ ಫೆಬ್ರವರಿ 23ರಂದು, ಪಕ್ಕದ ನಕ್ಷತ್ರಮಂಡಲವೊಂದರಲ್ಲಿ ಸಿಡಿದ ನಕ್ಷತ್ರದಿಂದ ಹೊರಟ ನ್ಯೂಟ್ರಿನೊಗಳು ಅಲ್ಲಿ ದಾಖಲಾದವು. ಅದರ ಮುಖ್ಯಸ್ಥ ಕೋಶಿಬಾ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಪ್ರೋಟಾನ್ ಹುಡುಕುವವರು ಜೊಳ್ಳೆಂದು ಕಳೆಯುತ್ತಿದ್ದ ವಾತಾವರಣದ ನ್ಯೂಟ್ರಿನೊಗಳನ್ನೂ ಅಲ್ಲಿಯ ವಿಜ್ಞಾನಿಗಳು ಜತನವಾಗಿ ಎಣಿಸುತ್ತಿದ್ದರು. ಲೆಕ್ಕ ಹೊಂದಲಿಲ್ಲ, ನಿರೀಕ್ಷಿಸಿದ್ದಕ್ಕಿಂತ ಕೆಲವು ಕಡಿಮೆ ಬೀಳುತ್ತಿದ್ದವು. 50,000 ಟನ್ ನೀರಿನ ಇನ್ನೂ ದೊಡ್ಡ ತೊಟ್ಟಿ ಕಟ್ಟಿ ಎಣಿಸಿದಾಗ, ಭೂಮಿಯ ಆಚೆ ಬದಿಯಿಂದ ತೂರಿ ಬರುವ ಒಂದು ಬಗೆಯ ನ್ಯೂಟ್ರಿನೊಗಳು ಅರ್ಧದಷ್ಟೇ ಇರುವುದು 1998ರಲ್ಲಿ ಸ್ಪಷ್ಟವಾಯಿತು. ದಾರಿಯಲ್ಲಿ ಅವು ಬೇರೆ ಬಗೆಯವಾಗಿ ಬದಲಾಗುತ್ತಿದ್ದವು. ಹಾಗಾಗಬೇಕಾದರೆ ಅವುಗಳಿಗೆ ಅತ್ಯಲ್ಪವಾದರೂ ತೂಕವಿರಬೇಕು. ಈ ಶೋಧಕ್ಕಾಗಿ ತಕಾಕಿ ಕಜಿತಾ 2015ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಕೆನಡಾದ ಮೆಕ್‌ಡೊನಾಲ್ಡ್ ಜೊತೆ ಹಂಚಿಕೊಂಡರು.

ಮ್ಯೂಆನ್‌ಗೂ ಮತ್ತೆ ಕಾಳಿನ ಪದವಿ ಬಂದಿದೆ. ಈಜಿಪ್ಟಿನ ಮಹಾ ಪಿರಮಿಡ್ಡಿನ ಮೂಲಕ ತೂರಿಬರುವ ಮ್ಯೂಆನ್‌ಗಳನ್ನು ತಿಂಗಳುಗಟ್ಟಲೆ ಎಣಿಸಿ, ಒಂದೂ ಕಲ್ಲನ್ನು ಕದಲಿಸದೆ, ಒಳಗೆ ದೊಡ್ಡ ಟೊಳ್ಳು ಜಾಗವೊಂದಿರುವುದನ್ನು 2017ರಲ್ಲಿ ಪ್ರಕಟಿಸಿದರು.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಸಾವಿರಾರು ಕಾರ್ಮಿಕ ಕುಟುಂಬಗಳ ಬದುಕು ಅಲುಗಿತು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು. ವಾತಾವರಣದ ನ್ಯೂಟ್ರಿನೊ ಎಂದಾಗಲೆಲ್ಲ ಭೌತವಿಜ್ಞಾನದ ಪುಸ್ತಕಗಳು ಇಂದಿಗೂ ಕೋಲಾರದ ಹೆಸರು ಹೇಳುತ್ತವೆ.

ಸದ್ದಿಗೆ ಹೆದರುವ ಮುನ್ನ

ಈ ಕಥೆ ಮನೆಮಂದಿಗೂ ಒಂದು ಮಾತು ಹೇಳುತ್ತದೆ. ಗೈಗರ್ ಕೌಂಟರ್ ಎಲ್ಲಿಟ್ಟರೂ ಸದ್ದು ಮಾಡುತ್ತದೆ. ಮಣ್ಣು, ಕಲ್ಲು, ಗಾಳಿ, ತಿನ್ನುವ ಬಾಳೆಹಣ್ಣು, ಮನುಷ್ಯನ ಮೈ, ಎಲ್ಲದರಲ್ಲೂ ಸ್ವಲ್ಪ ವಿಕಿರಣವಿದೆ. ಒಬ್ಬ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆಂಬುದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯ ಲೆಕ್ಕ. ಆದ್ದರಿಂದ ‘ವಿಕಿರಣ ಇದೆಯೆ?’ ಎಂಬುದು ಸರಿಯಾದ ಪ್ರಶ್ನೆಯಲ್ಲ. ‘ಅಲ್ಲಿ ಮೊದಲೇ ಇದ್ದುದಕ್ಕಿಂತ ಎಷ್ಟು ಹೆಚ್ಚು?’ ಎಂದು ಕೇಳಬೇಕು.

ಹಾಗೆ ಕೇಳಲು ಮೊದಲೇ ಇದ್ದುದನ್ನು ಯಾರಾದರೂ ಅಳೆದಿರಬೇಕು. ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮಾಡಿದ ಕೆಲಸದ ಬೆಲೆ ಇಲ್ಲಿದೆ. ಕರಾವಳಿಯ ಮಣ್ಣು, ಮರಳುಗಳ ವಿಕಿರಣವನ್ನು ಅವರು ವರ್ಷಗಟ್ಟಲೆ ಅಳೆದರು. ಉಳ್ಳಾಲದ ಕಡಲ ತೀರದಲ್ಲಿ ಮೊನಜೈಟ್ ಎಂಬ ಖನಿಜದಿಂದಾಗಿ ನಿಸರ್ಗದ ವಿಕಿರಣವೇ ಹೆಚ್ಚಿರುವುದನ್ನು ತೋರಿಸಿದರು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ವಿದ್ಯುತ್ ಪೂರೈಸಲು ಆರಂಭಿಸುವ ಮುಂಚೆಯೇ ಅಲ್ಲಿನ ಪರಿಸರದ ಅಳತೆಗಳನ್ನು ದಾಖಲಿಸಿದರು. ಮುಂಚಿನ ಅಂಕಿ ಕೈಯಲ್ಲಿದ್ದರೆ ಮಾತ್ರ ಸುಳ್ಳು ಭಯವನ್ನೂ ಸುಳ್ಳು ಭರವಸೆಯನ್ನೂ ತೂರಿ ತೆಗೆಯಬಹುದು.

ಬಿ.ಎಸ್ಸಿ. ಪ್ರಯೋಗಶಾಲೆಯಲ್ಲಿ ಗೈಗರ್ ಕೌಂಟರ್ ಪ್ರಯೋಗ ಮಾಡುವವರು ಮೊದಲು ವಿಕಿರಣ ವಸ್ತುವನ್ನು ಇಡದೆ ಎಣಿಸಿ, ಆ ಹಿನ್ನೆಲೆ ಎಣಿಕೆಯನ್ನು ಆಮೇಲೆ ಕಳೆಯಬೇಕು. ಅನೇಕರಿಗೆ ಇದು ಬೇಸರದ ಕೆಲಸ. ಪಕ್ಕದವರ ಪುಸ್ತಕದಿಂದ ಅಂಕಿ ಬರೆದುಕೊಂಡು ಮುಗಿಸುವವರೂ ಉಂಟು. ಆದರೆ ಒಂದು ಉದಾಹರಣೆ ನೋಡಬೇಕು. ಖಾಲಿ ಇದ್ದಾಗ ಹತ್ತು ನಿಮಿಷಕ್ಕೆ 300 ಎಣಿಕೆ ಬಂತು. ಒಂದು ಕಲ್ಲನ್ನು ಹತ್ತಿರವಿಟ್ಟಾಗ 330 ಬಂತು. ಕಲ್ಲಿನಲ್ಲಿ ವಿಕಿರಣವಿದೆ ಎನ್ನಬಹುದೆ? ಕಣಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಎಣಿಕೆ ಸಹಜವಾಗಿಯೇ ಏರಿಳಿಯುತ್ತದೆ. ಆ ಏರಿಳಿತ ಸುಮಾರಾಗಿ ಎಣಿಕೆಯ ವರ್ಗಮೂಲದಷ್ಟು. ಎರಡು ಎಣಿಕೆಗಳ ವ್ಯತ್ಯಾಸಕ್ಕೆ ಇಲ್ಲಿ ಅದು 25ರಷ್ಟಾಗುತ್ತದೆ. 30ರ ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು. ಅದೇ ಪ್ರಯೋಗವನ್ನು ಸಾವಿರ ನಿಮಿಷ, ಅಂದರೆ ಸುಮಾರು ಹದಿನೇಳು ಗಂಟೆ ನಡೆಸಿ 30,000 ಮತ್ತು 33,000 ಬಂದರೆ, ವ್ಯತ್ಯಾಸ 3,000, ಏರಿಳಿತ 250ರಷ್ಟೇ. ಆಗ ಧೈರ್ಯವಾಗಿ ಹೌದೆನ್ನಬಹುದು. ಯಂತ್ರ ಅದೇ, ಕಲ್ಲೂ ಅದೇ. ಹೆಚ್ಚಾದದ್ದು ಕಾಯುವ ತಾಳ್ಮೆ ಮಾತ್ರ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪುಸ್ತಕದ ಉತ್ತರಕ್ಕೆ ಸರಿಯಾಗಿ ರೀಡಿಂಗ್ ಹೊಂದಿಸಿ ಬರೆದ ಮಗ ಅಥವಾ ಮಗಳು ಒಂದೆರಡು ಅಂಕ ಹೆಚ್ಚು ತರಬಹುದು. ಹೊಂದದ ರೀಡಿಂಗನ್ನು ಬಂದಂತೆಯೇ ಬರೆದು, ‘ಏಕೆ ಹೊಂದಲಿಲ್ಲ?’ ಎಂದು ಕೇಳುವ ಹುಡುಗ ಹುಡುಗಿಯರಿಗೆ ಕೆಲವೊಮ್ಮೆ ಬೈಗುಳವೂ ಸಿಕ್ಕೀತು. ಹೊಂದದ ಸೋರಿಕೆಯನ್ನು ಹೆಸ್, ಹೊಂದದ ಲೆಕ್ಕವನ್ನು ಕಜಿತಾ ಬಂದಂತೆಯೇ ಬರೆದುಕೊಂಡರು. ಸೊನ್ನೆ ಬಂದದ್ದನ್ನು ಕೋಲಾರದವರು ಸೊನ್ನೆಯೆಂದೇ ಬರೆದರು. ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವ ಗುರುಗಳೂ, ಅಂಕಪಟ್ಟಿ ನೋಡುವ ತಂದೆತಾಯಿಯರೂ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದರೆ ಸಾಕು: ‘ಉತ್ತರ ಸರಿ ಬಂತೆ ಎಂಬುದಿರಲಿ, ಈ ಅಂಕಿಯನ್ನು ನೀನೇ ಎಣಿಸಿದೆಯಾ?’